ಸೂಪರ್‌ಮ್ಯಾನ್ ಹುಟ್ಟಿದ ಕಥೆ: ಇಷ್ಟೊಂದರಲ್ಲಿ ನಿಮಗೆ ಯಾವುದು ಸರಿ?

ಕ್ಲಾರ್ಕ್ ಕೆಂಟ್, ಅಂದರೆ ಸೂಪರ್‌ಮ್ಯಾನ್‌ನನ್ನು ಸಾಕಿ ಬೆಳೆಸಿದ ಅಪ್ಪ-ಅಮ್ಮ ಬದುಕಿದ್ದಾರಾ? ಸೂಪರ್‌ಮ್ಯಾನ್ ಕಾಮಿಕ್ಸ್ ಓದುವ ಇಬ್ಬರನ್ನು ಕೂರಿಸಿ ಇದೊಂದು ಪ್ರಶ್ನೆ ಕೇಳಿ ನೋಡಿ. ಮುಂದಿಟ್ಟ ಕಾಫಿ ಆರಿ ತಣ್ಣಗಾಗುವವರೆಗೂ ವಾದ ನಡೆಯುತ್ತದೆ. ಇಬ್ಬರ ಮಾತೂ ಸರಿಯೇ ಇರುತ್ತದೆ. 1939ರ ಕಥೆಯಲ್ಲಿ ಮಗ ದೊಡ್ಡವನಾಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. 1986ರಲ್ಲಿ ಇಬ್ಬರೂ ಬದುಕಿದ್ದರು. 2008ರಲ್ಲಿ ಅಪ್ಪ ಜೊನಾಥನ್ ಸತ್ತ. 2011ರಲ್ಲಿ ಇಡೀ ಕಥೆಯನ್ನೇ ಹೊಸದಾಗಿ ಶುರು ಮಾಡಿದಾಗ ಇಬ್ಬರೂ ಇರಲಿಲ್ಲ. 2019ರ ಕೊನೆಯಲ್ಲಿ ಇಬ್ಬರೂ ಮತ್ತೆ ಬದುಕಿ ಬಂದರು.

ಕನ್ನಡದ ಓದುಗರಿಗೆ ಇದು ತೀರಾ ಹೊಸದೇನಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕುಮಾರವ್ಯಾಸನಲ್ಲಿ ಐವರ ಹೆಂಡತಿ. ಎರಡನ್ನೂ ನಾವು ಪ್ರೀತಿಯಿಂದ ಓದುತ್ತೇವೆ. ಆದರೆ ಕಾಮಿಕ್ಸ್‌ನಲ್ಲಿ ಒಂದು ತೊಡಕಿದೆ. ತಿಂಗಳು ತಿಂಗಳು ಬರುವ ಹೊಸ ಸಂಚಿಕೆಗಳೆಲ್ಲ ಯಾವುದಾದರೂ ಒಂದು ಹುಟ್ಟುಕಥೆಯ ಮೇಲೆ ನಿಂತಿರುತ್ತವೆ. ಪಾಯ ಬದಲಾದರೆ ಮೇಲಿನ ಮನೆಯೂ ಅಲುಗಾಡುತ್ತದೆ. ಸಂಚಿಕೆಯಿಂದ ಸಂಚಿಕೆಗೆ ಇರುವ ಈ ಕೊಂಡಿಯನ್ನೇ ಕಂಟಿನ್ಯೂಟಿ ಅನ್ನುವುದು.

ಹಳೆಯ ಸೂಪರ್‌ಮ್ಯಾನ್ ಮತ್ತೆ ಓದಬೇಕು ಎಂದು ಹೊರಟವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅಂಗಡಿಯಲ್ಲಿ ಐದಾರು ಪುಸ್ತಕಗಳಿರುತ್ತವೆ. ಎಲ್ಲದರಲ್ಲೂ ಅದೇ ಮಗು, ಅದೇ ರಾಕೆಟ್, ಅದೇ ಜೋಳದ ಹೊಲ. ಯಾವುದನ್ನು ತಗೊಳ್ಳೋದು?

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಇದಾದ ಮೇಲೆ ಏನು ಓದುತ್ತೀರಿ? 'ಯಾವುದು ನಿಜವಾದ ಹುಟ್ಟುಕಥೆ' ಎಂದು ಹುಡುಕಿ ಪ್ರಯೋಜನವಿಲ್ಲ. ಅದಕ್ಕೆ ಉತ್ತರ ಹತ್ತು-ಹದಿನೈದು ವರ್ಷಕ್ಕೊಮ್ಮೆ ಬದಲಾಗುತ್ತದೆ. ನೀವು ಮುಂದೆ ಓದಬೇಕೆಂದಿರುವ ಕಥೆ ಯಾವ ಹುಟ್ಟುಕಥೆಯ ಮೇಲೆ ನಿಂತಿದೆ ಅಂತ ನೋಡಿ. ಅಲ್ಲಿಂದ ಶುರು ಮಾಡಿ.

ಎರಡನೆಯದು, ನಿಜವಾದವನು ಯಾರು? ಸೂಪರ್‌ಮ್ಯಾನ್ ನಿಜ, ಕನ್ನಡಕ ಹಾಕಿದ ಕ್ಲಾರ್ಕ್ ಬರೀ ವೇಷವಾ? ಇಲ್ಲಾ, ಹಳ್ಳಿಯ ಹುಡುಗ ಕ್ಲಾರ್ಕ್ ನಿಜ, ಕೆಂಪು ಕೇಪು ಅವನು ಕೆಲಸಕ್ಕೆ ಹಾಕುವ ಬಟ್ಟೆಯಾ? ಬೇರೆ ಬೇರೆ ಬರಹಗಾರರು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ನಿಮ್ಮ ಮನಸ್ಸಿಗೆ ಹತ್ತಿರವಾದ ಉತ್ತರ ಯಾವ ಪುಸ್ತಕದಲ್ಲಿದೆಯೋ ಆ ಪುಸ್ತಕ ನಿಮ್ಮ ಜೊತೆ ಉಳಿಯುತ್ತದೆ.

ಆಮೇಲೆ ಭಾಷೆ. ಇವೆಲ್ಲ ಇಂಗ್ಲಿಷ್ ಪುಸ್ತಕಗಳು. ಕೆಲವು ಪುಟಗಳಲ್ಲಿ ಚಿತ್ರಕ್ಕಿಂತ ಅಕ್ಷರವೇ ಜಾಸ್ತಿ. ಮಕ್ಕಳಿಗೆ ಕೊಡುವುದಾದರೆ ಇದನ್ನು ನೋಡಲೇಬೇಕು. ಕೊನೆಗೆ ದುಡ್ಡು. ಹೊರಗಿನಿಂದ ತರಿಸುವ ಪುಸ್ತಕದ ಬೆಲೆ ಇಲ್ಲಿ ದಿನಕ್ಕೊಂದು ಥರ ಇರುತ್ತದೆ. ಹಾಗಾಗಿ ಎಷ್ಟು ಸಂಚಿಕೆಗಳ ಪುಸ್ತಕ ಅಂತ ಹೇಳುತ್ತೇನೆ. ಬೆಲೆಯ ಅಂದಾಜು ಅದರಿಂದಲೇ ಸಿಗುತ್ತದೆ.

1938: ಹದಿಮೂರು ಪುಟ

ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು. 130 ಡಾಲರಿಗೆ ಸೂಪರ್‌ಮ್ಯಾನ್‌ನ ಹಕ್ಕನ್ನು ಬಿಟ್ಟುಕೊಟ್ಟರು. 'ಆ್ಯಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯ ಬೆಲೆ ಹತ್ತು ಸೆಂಟ್. ಅದರಲ್ಲಿ ಸೂಪರ್‌ಮ್ಯಾನ್‌ಗೆ ಸಿಕ್ಕಿದ್ದು 13 ಪುಟ. ಹುಟ್ಟಿದ ಕಥೆಗೆ ಒಂದೇ ಒಂದು ಪುಟ. ಅವನ ಗ್ರಹಕ್ಕೆ ಆಗ ಹೆಸರೇ ಇರಲಿಲ್ಲ. ಮಗುವನ್ನು ದಾರಿಹೋಕನೊಬ್ಬ ಅನಾಥಾಲಯಕ್ಕೆ ಬಿಡುತ್ತಾನೆ. ಸಾಕಿದ ತಂದೆ-ತಾಯಿ ಬಂದದ್ದು ಮರುವರ್ಷ.

ಈ ಸೂಪರ್‌ಮ್ಯಾನ್ ಹಾರುವುದಿಲ್ಲ, ನೆಗೆಯುತ್ತಾನೆ. ಬೇರೆ ಗ್ರಹದ ರಾಕ್ಷಸರು ಅವನ ಶತ್ರುಗಳಲ್ಲ. ಹೆಂಡತಿಗೆ ಹೊಡೆಯುವ ಗಂಡನನ್ನು ಹಿಡಿಯುತ್ತಾನೆ. ತಪ್ಪು ಮಾಡದ ಹೆಂಗಸನ್ನು ಮರಣದಂಡನೆಯಿಂದ ಉಳಿಸುತ್ತಾನೆ. ಮೂರನೆಯ ಸಂಚಿಕೆಯಲ್ಲಿ ಕಾರ್ಮಿಕರ ಜೀವಕ್ಕೆ ಬೆಲೆ ಕೊಡದ ಗಣಿ ಮಾಲೀಕನನ್ನು ಅವನದೇ ಗಣಿಯೊಳಗೆ ಸಿಕ್ಕಿಸಿ ಪಾಠ ಕಲಿಸುತ್ತಾನೆ. ಎಂಟನೆಯದರಲ್ಲಿ ಕೊಳೆಗೇರಿಯನ್ನೇ ಕೆಡವುತ್ತಾನೆ. ಸರ್ಕಾರ ಅಲ್ಲಿ ಒಳ್ಳೆಯ ಮನೆ ಕಟ್ಟಿಕೊಡಲಿ ಅಂತ. ಆರ್ಥಿಕ ಕುಸಿತದಲ್ಲಿ ಬೆಂದ ಅಮೆರಿಕದ ಸಿಟ್ಟೆಲ್ಲ ಈ ಪುಟಗಳಲ್ಲಿದೆ. ಓದಿದಾಗ ಮೈ ಜುಮ್ಮೆನ್ನುತ್ತದೆ.

ಕಂಟಿನ್ಯೂಟಿಯ ಲೆಕ್ಕದಲ್ಲಿ ಇದರಿಂದ ಮುಂದಕ್ಕೆ ಹೋಗುವ ದಾರಿ ಕಡಿಮೆ. ಚಿತ್ರ ಒರಟು. ಒಂದು ಪುಟಕ್ಕೂ ಇನ್ನೊಂದಕ್ಕೂ ಕಥೆ ಓಡುತ್ತಲೇ ಇರುತ್ತದೆ. ಆದರೆ ಮತ್ತೆ ಓದುವವರಿಗೆ ಇದರಷ್ಟು ಹೊಸದಾಗಿ ಕಾಣುವುದು ಬೇರೆ ಇಲ್ಲ. 2014ರಲ್ಲಿ ಆ ಮೊದಲ ಸಂಚಿಕೆಯ ಒಂದು ಮೂಲ ಪ್ರತಿ 32 ಲಕ್ಷ ಡಾಲರಿಗೆ ಹೋಯಿತು. ನಿಮಗೆ ಅದೇನೂ ಬೇಕಿಲ್ಲ. 'ಸೂಪರ್‌ಮ್ಯಾನ್: ದಿ ಗೋಲ್ಡನ್ ಏಜ್' ಮೊದಲ ಸಂಪುಟ ಸಾಕು.

ಅರವತ್ತರ ದಶಕದ ದೊಡ್ಡ ಸಂಸಾರ

ಐವತ್ತರ ಮಧ್ಯದಿಂದ ಅರವತ್ತರ ದಶಕದವರೆಗೆ ಕಥೆ ತುಂಬಿದ ಮನೆಯಾಯಿತು. ನಾಯಿ ಕ್ರಿಪ್ಟೋ 1955ರಲ್ಲಿ ಬಂತು. ಬಾಟಲಿಯೊಳಗಿನ ನಗರ ಕ್ಯಾಂಡೋರ್ 1958ರಲ್ಲಿ. ತಂಗಿಯಾಗಬೇಕಾದ ಸೂಪರ್‌ಗರ್ಲ್ 1959ರಲ್ಲಿ. ಕ್ಲಾರ್ಕ್ ಹುಡುಗನಾಗಿದ್ದಾಗಲೇ ಸೂಪರ್‌ಬಾಯ್ ಆಗಿದ್ದ ಅನ್ನುವುದು ಆಗ ಎಲ್ಲರೂ ಒಪ್ಪಿದ ಮಾತು. 1961ರಲ್ಲಿ 'ಫ್ಲ್ಯಾಶ್' ಎಂಬ ಇನ್ನೊಬ್ಬ ಹೀರೋನ ಕಾಮಿಕ್ಸ್‌ನ 123ನೇ ಸಂಚಿಕೆ ಇನ್ನೊಂದು ಭೂಮಿಯನ್ನು ತೋರಿಸಿತು. ಹಳೆಯ ಕಾಲದ ಹೀರೋಗಳೆಲ್ಲ ಆ ಎರಡನೇ ಭೂಮಿಯಲ್ಲಿದ್ದಾರೆ ಎಂದಾಯಿತು. ಆಮೇಲೆ ಭೂಮಿಗಳು ಒಂದೊಂದಾಗಿ ಜಾಸ್ತಿಯಾದವು.

ಇಲ್ಲಿ 'ಇದೇ ಹುಟ್ಟುಕಥೆ' ಎಂದು ತೋರಿಸಲು ಒಂದು ಪುಸ್ತಕವಿಲ್ಲ. ಚೂರು ಚೂರಾಗಿ ನೂರಾರು ಸಂಚಿಕೆಗಳಲ್ಲಿ ಹರಡಿದೆ. ಹಾಗಾಗಿ ಹೊಸಬರಿಗೆ ಬೇಡ ಅನ್ನುತ್ತೇನೆ. ಚಿಕ್ಕಂದಿನಲ್ಲಿ ಓದಿದವರು ಮಾತ್ರ ಬಿಡಬೇಡಿ. ಕರ್ಟ್ ಸ್ವಾನ್ ಬರೆದ ಮುಖಗಳನ್ನು ನೋಡುವುದಕ್ಕಾದರೂ ಒಂದು ಸಂಗ್ರಹ ಮನೆಯಲ್ಲಿರಲಿ.

1986: ಜಾನ್ ಬರ್ನ್ ಗುಡಿಸಿ ಸಾರಿಸಿದ ಮನೆ

ವಾದವೆಲ್ಲ ಇರುವುದು ಇಲ್ಲಿ. ಆದ್ದರಿಂದ ಸ್ವಲ್ಪ ಹೊತ್ತು ನಿಲ್ಲೋಣ.

ಭೂಮಿಗಳು ಜಾಸ್ತಿಯಾಗಿ ಓದುಗರಿಗೆ ತಲೆಬುಡ ತಿಳಿಯುತ್ತಿಲ್ಲ ಎಂದು ಸೂಪರ್‌ಮ್ಯಾನ್ ಪ್ರಕಟಿಸುವ ಡಿಸಿ ಕಾಮಿಕ್ಸ್ ಅಂದುಕೊಂಡಿತು. 1985-86ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಹನ್ನೆರಡು ಸಂಚಿಕೆಗಳ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್' ಬರೆದರು. ಎಲ್ಲ ಭೂಮಿಗಳೂ ಸೇರಿ ಒಂದಾದವು. ಸೂಪರ್‌ಗರ್ಲ್ ಅದರಲ್ಲೇ ಸತ್ತಳು. ಅದಾದ ಮೇಲೆ ಬರಹ, ಚಿತ್ರ ಎರಡನ್ನೂ ಮಾಡುವ ಬರ್ನ್ ಕೈಗೆ ಸೂಪರ್‌ಮ್ಯಾನ್ ಬಂತು. ಆರು ಸಂಚಿಕೆಗಳ 'ದಿ ಮ್ಯಾನ್ ಆಫ್ ಸ್ಟೀಲ್' ಹೊರಬಂತು.

ಅವರು ತೆಗೆದದ್ದು ಬಹಳ. ಸೂಪರ್‌ಬಾಯ್ ಇಲ್ಲ. ನಾಯಿ ಇಲ್ಲ. ಹುಟ್ಟಿದ ಗ್ರಹ ಕ್ರಿಪ್ಟಾನ್ ನಾಶವಾದಾಗ ಬದುಕಿ ಉಳಿದವನು ಇವನೊಬ್ಬನೇ. ಕ್ರಿಪ್ಟಾನ್ ಕೂಡ ಮೊದಲಿನ ಚಂದದ ಲೋಕವಲ್ಲ. ಜನ ಒಬ್ಬರನ್ನೊಬ್ಬರು ಮುಟ್ಟದೆ ಬದುಕುವ, ಪ್ರೀತಿ ಮರೆತ ತಣ್ಣನೆಯ ಜಾಗ. ಅವರು ಕೊಟ್ಟದ್ದೂ ಬಹಳ. ಅಪ್ಪ-ಅಮ್ಮ ಬದುಕಿದ್ದಾರೆ. ಸೂಪರ್‌ಮ್ಯಾನ್‌ನ ಕಡುಶತ್ರು ಲೆಕ್ಸ್ ಲೂಥರ್ ಹುಚ್ಚು ವಿಜ್ಞಾನಿಯಲ್ಲ, ಊರನ್ನೇ ಕೊಂಡುಕೊಂಡ ಶ್ರೀಮಂತ. ಈ ಯೋಚನೆ ವುಲ್ಫ್‌ಮನ್ ಅವರದು. ಮುಖ್ಯವಾಗಿ, ಇಲ್ಲಿ ಕ್ಲಾರ್ಕ್ ನಿಜವಾದ ಮನುಷ್ಯ. ತನ್ನನ್ನು ಮನುಷ್ಯನಾಗಿ ಮಾಡಿದ್ದು ಭೂಮಿ ಎಂದು ಕೊನೆಯ ಸಂಚಿಕೆಯಲ್ಲಿ ಅವನೇ ಅಂದುಕೊಳ್ಳುತ್ತಾನೆ.

ಪಾಯ ಅಲುಗಾಡಿದ್ದು ಹೇಗೆ ಗೊತ್ತಾ? 1958ರಿಂದ 'ಲೀಜನ್ ಆಫ್ ಸೂಪರ್‌ಹೀರೋಸ್' ಎಂಬ ಭವಿಷ್ಯದ ಹುಡುಗ-ಹುಡುಗಿಯರ ತಂಡವಿತ್ತು. ಸೂಪರ್‌ಬಾಯ್‌ನನ್ನು ನೋಡಿಯೇ ಅವರು ತಂಡ ಕಟ್ಟಿದ್ದು. ಈಗ ಸೂಪರ್‌ಬಾಯ್ ಇರಲೇ ಇಲ್ಲ ಅಂದರೆ ಆ ಮಕ್ಕಳು ಯಾರನ್ನು ನೋಡಿ ಕಲಿತರು? 1987ರಲ್ಲಿ ಒಂದು ತೇಪೆ ಹಾಕಿದರು. ಟೈಮ್ ಟ್ರ್ಯಾಪರ್ ಎಂಬ ಖಳ ಒಂದು ಪುಟ್ಟ ಬೇರೆ ಜಗತ್ತು ಮಾಡಿದ್ದ, ಸೂಪರ್‌ಬಾಯ್ ಅಲ್ಲಿಯವನು ಅಂತ. ಆ ಹುಡುಗನೂ ಅದೇ ವರ್ಷ ಸತ್ತ. 1988ರಲ್ಲಿ ಹೊಸ ಸೂಪರ್‌ಗರ್ಲ್ ಬಂದಳು. ಆದರೆ ಅವಳು ಕ್ರಿಪ್ಟಾನಿನವಳಲ್ಲ, ರೂಪ ಬದಲಿಸುವ ಒಂದು ಜೀವಿ. ಹಳೆಯ ಸೂಪರ್‌ಗರ್ಲ್ ಸಂಬಂಧಿಯಾಗಿಯೇ ವಾಪಸ್ ಬರಲು 2004ರವರೆಗೆ ಕಾಯಬೇಕಾಯಿತು. ಒಂದು ಕೋಣೆ ಸರಿ ಮಾಡಲು ಹೋಗಿ ಪಕ್ಕದ ಮೂರು ಗೋಡೆ ಬಿರುಕು ಬಿಟ್ಟ ಹಾಗಾಯಿತು. ಲೀಜನ್ ಓದುಗರಿಗೆ ಇವತ್ತಿಗೂ ಈ ನೋವಿದೆ. ಅವರ ನೋವು ನ್ಯಾಯವಾದದ್ದು.

ಆದರೂ ನಾನು ಬರ್ನ್ ಪರ. ಕಾರಣ ಒಂದೇ, ಮನೆಗೆ ಹೋಗಿ ಅಪ್ಪನ ಹತ್ತಿರ ಕೂತು ಮಾತಾಡುವ ಕ್ಲಾರ್ಕ್. ಜಗತ್ತಿನಲ್ಲೇ ಎಲ್ಲರಿಗಿಂತ ಬಲಶಾಲಿ, ಏನು ಮಾಡಬೇಕೆಂದು ತಿಳಿಯದಾಗ ಅಡುಗೆಮನೆಯಲ್ಲಿ ಅಮ್ಮನ ಎದುರು ಕೂರುತ್ತಾನೆ. ಇದಕ್ಕೋಸ್ಕರ ನಾಯಿಯನ್ನು ಕಳೆದುಕೊಂಡರೂ ಪರವಾಗಿಲ್ಲ ಅನಿಸುತ್ತದೆ ನನಗೆ.

ನೀವು ತೊಂಬತ್ತರ ದಶಕದ ಸೂಪರ್‌ಮ್ಯಾನ್ ಓದುವವರಾದರೆ ಯೋಚನೆಯೇ ಬೇಡ, ಇದನ್ನೇ ತಗೊಳ್ಳಿ. 1992ರ ನವೆಂಬರಿನಲ್ಲಿ ಬಂದ ಸೂಪರ್‌ಮ್ಯಾನ್ ಸಾವಿನ ಕಥೆ, 1996ರ ಪತ್ರಕರ್ತೆ ಲೋಯಿಸ್ ಜೊತೆಗಿನ ಮದುವೆ, ಎಲ್ಲವೂ ಈ ಪಾಯದ ಮೇಲೇ ನಿಂತಿವೆ. ಅಪ್ಪ-ಅಮ್ಮ ಟಿವಿಯಲ್ಲಿ ಮಗನ ಕೊನೆಯ ಹೋರಾಟ ನೋಡುವ ದೃಶ್ಯ ಇದನ್ನು ಓದಿದ್ದರೆ ಮಾತ್ರ ಎದೆಗೆ ತಾಗುತ್ತದೆ.

ಒಂದು ಎಚ್ಚರಿಕೆ. 'ಮ್ಯಾನ್ ಆಫ್ ಸ್ಟೀಲ್' ಎಂಬ ಹೆಸರು ಒಂದಕ್ಕಲ್ಲ, ಹಲವಕ್ಕಿದೆ. 1991ರಿಂದ ಬಂದ ಮಾಸಿಕಕ್ಕೂ ಇದೇ ಹೆಸರು. 2018ರ ಆರು ಸಂಚಿಕೆಗಳ ಕಥೆಗೂ ಇದೇ ಹೆಸರು. ನಾನು ಒಮ್ಮೆ ಆನ್‌ಲೈನಿನಲ್ಲಿ ಬರ್ನ್ ಪುಸ್ತಕ ಅಂತ ತರಿಸಿದೆ. ಬಂದದ್ದು 2018ರದು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಮುಖಪುಟದಲ್ಲಿ ಜಾನ್ ಬರ್ನ್ ಹೆಸರು ನೋಡಿಯೇ ದುಡ್ಡು ಕೊಡಿ.

ಇದರ ಜೊತೆಗೇ ಹೇಳಬೇಕಾದ್ದು 1998ರ 'ಸೂಪರ್‌ಮ್ಯಾನ್ ಫಾರ್ ಆಲ್ ಸೀಸನ್ಸ್'. ಜೆಫ್ ಲೋಬ್ ಬರಹ, ಟಿಮ್ ಸೇಲ್ ಚಿತ್ರ. ನಾಲ್ಕೇ ಸಂಚಿಕೆ, ನಾಲ್ಕು ಋತು. ಒಂದೊಂದನ್ನು ಒಬ್ಬೊಬ್ಬರು ಹೇಳುತ್ತಾರೆ. ಅಪ್ಪ, ಲೋಯಿಸ್, ಲೂಥರ್, ಬಾಲ್ಯದ ಗೆಳತಿ ಲಾನಾ. ಬರ್ನ್ ಕಟ್ಟಿದ ಜಗತ್ತಿನಲ್ಲೇ ನಡೆಯುತ್ತದೆ. ಮಾತು ಕಡಿಮೆ, ಹೊಲ ಮತ್ತು ಆಕಾಶ ಜಾಸ್ತಿ. ಇಂಗ್ಲಿಷ್ ಓದಲು ಕಷ್ಟಪಡುವವರಿಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಇದೇ. ಊರು ಬಿಟ್ಟು ಬೆಂಗಳೂರಿಗೋ ಇನ್ನೆಲ್ಲಿಗೋ ಕೆಲಸಕ್ಕೆ ಬಂದವರು ಮೊದಲ ಸಂಚಿಕೆಯಲ್ಲಿ ಅಪ್ಪ ಹೇಳುವುದನ್ನು ಓದಿ. ನನಗೆ ಪುಟ ತಿರುಗಿಸಲು ಸ್ವಲ್ಪ ಹೊತ್ತು ಬೇಕಾಯಿತು.

'ಬರ್ತ್‌ರೈಟ್'ಓ, 'ಸೀಕ್ರೆಟ್ ಒರಿಜಿನ್'ಓ?

ಈ ಎರಡರ ನಡುವೆ ಒದ್ದಾಡುವವರು ಬಹಳ. ಎರಡೂ ಒಂದೇ ದಶಕದವು.

'ಬರ್ತ್‌ರೈಟ್' 2003-04ರದು, ಹನ್ನೆರಡು ಸಂಚಿಕೆ. ಬರೆದವರು ಮಾರ್ಕ್ ವೇಡ್, ಚಿತ್ರ ಫಿಲಿಪ್ಪೀನ್ಸಿನ ಲೈನಿಲ್ ಯೂ. ಕ್ಲಾರ್ಕ್ ಇಲ್ಲಿ ಊರೂರು ಅಲೆಯುವ ಎಳೆಯ ಪತ್ರಕರ್ತ. ಪಶ್ಚಿಮ ಆಫ್ರಿಕದಲ್ಲಿ ತನ್ನ ಜನರ ಹಕ್ಕಿಗಾಗಿ ಹೋರಾಡುವ ಒಬ್ಬನ ಜೊತೆ ಇರುತ್ತಾನೆ. ಅಲ್ಲಿ ಕಂಡದ್ದರಿಂದಲೇ ಕೇಪು ತೊಡುವ ನಿರ್ಧಾರ ಹುಟ್ಟುತ್ತದೆ. ಅವನಿಗೆ ಜೀವಿಗಳ ಸುತ್ತ ಒಂದು ಬೆಳಕು ಕಾಣುತ್ತದೆ. ಜೀವ ಹೋದರೆ ಬೆಳಕು ಆರುತ್ತದೆ. ಅದಕ್ಕೇ ಮಾಂಸ ತಿನ್ನುವುದಿಲ್ಲ. ಇಷ್ಟು ಶಕ್ತಿ ಇದ್ದವನು ಯಾಕೆ ಒಳ್ಳೆಯವನಾಗಿರುತ್ತಾನೆ ಅನ್ನುವ ಪ್ರಶ್ನೆಗೆ ನನಗೆ ಸಿಕ್ಕ ಅತಿ ಒಳ್ಳೆಯ ಉತ್ತರ ಇದು. ಕೊನೆಯ ಪುಟಗಳ ಬಗ್ಗೆ ಏನೂ ಹೇಳುವುದಿಲ್ಲ, ನೀವೇ ಓದಬೇಕು. ಕಥೆಯಲ್ಲಿ ಕೊಲೆ, ರಕ್ತ ಇದೆ. ಚಿಕ್ಕ ಮಕ್ಕಳಿಗೆ ಬೇಡ.

'ಸೀಕ್ರೆಟ್ ಒರಿಜಿನ್' 2009-10ರದು, ಆರು ಸಂಚಿಕೆ. ಜೆಫ್ ಜಾನ್ಸ್ ಬರಹ, ಗ್ಯಾರಿ ಫ್ರ್ಯಾಂಕ್ ಚಿತ್ರ. ಇದರ ಕ್ಲಾರ್ಕ್ ಮುಖದಲ್ಲಿ 1978ರ ಸಿನಿಮಾದ ಕ್ರಿಸ್ಟೊಫರ್ ರೀವ್ ಎದ್ದು ಕಾಣುತ್ತಾರೆ. ಬರ್ನ್ ತೆಗೆದುಹಾಕಿದ್ದನ್ನು ಜಾನ್ಸ್ ವಾಪಸ್ ತಂದರು. ಹುಡುಗ ಕ್ಲಾರ್ಕ್ ಲೀಜನ್ ಗೆಳೆಯರ ಜೊತೆ ಭವಿಷ್ಯಕ್ಕೆ ಹೋಗಿ ಬರುತ್ತಾನೆ. ಲೂಥರ್ ಅದೇ ಊರಿನ ಹುಡುಗ. ದೊಡ್ಡವನಾದ ಮೇಲೆ ತನ್ನ ಕಟ್ಟಡದ ಮುಂದೆ ಸೇರಿದ ಬಡವರಲ್ಲಿ ದಿನಕ್ಕೊಬ್ಬನನ್ನು ಆರಿಸಿ ಅವನ ಬದುಕು ಬದಲಿಸುತ್ತೇನೆ ಅನ್ನುತ್ತಾನೆ. ಆ ಒಂದು ದೃಶ್ಯ ಸಾಕು, ಅವನೆಂಥವನು ಅಂತ ತಿಳಿಯಲು.

ಯಾವುದು? ಒಂದೇ ಪುಸ್ತಕ ಓದಿ ತೃಪ್ತಿಪಡುವವರಿಗೆ 'ಬರ್ತ್‌ರೈಟ್'. ಹಳೆಯದೆಲ್ಲ ಒಂದೇ ಕಡೆ ಸೇರಿರಬೇಕು ಅನ್ನುವವರಿಗೆ, ಸಿನಿಮಾ ನೋಡಿ ಬಂದವರಿಗೆ, ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ 'ಸೀಕ್ರೆಟ್ ಒರಿಜಿನ್'. ದಪ್ಪದಲ್ಲಿ ಇದು ಅದರ ಅರ್ಧ. ಕಂಟಿನ್ಯೂಟಿ ನೋಡಿ ಆರಿಸುವವರು ಒಂದು ವಿಷಯ ತಿಳಿದಿರಿ. ಮೊದಲನೆಯದರ ಜಾಗವನ್ನು ಎರಡನೆಯದು ತಗೊಂಡಿತು. ಎರಡನೆಯದು ಮುಗಿದು ಸುಮಾರು ಒಂದು ವರ್ಷಕ್ಕೆ ಡಿಸಿ ಎಲ್ಲವನ್ನೂ ಮತ್ತೆ ಹೊಸದಾಗಿ ಶುರು ಮಾಡಿತು. ಹಾಗಾಗಿ ಎರಡರ ಮೇಲೂ ನಿಂತ ಕಥೆಗಳು ಕಡಿಮೆ. ಆ ಲೆಕ್ಕದಲ್ಲಿ ಬರ್ನ್ ಹತ್ತಿರಕ್ಕೂ ಇವು ಬರುವುದಿಲ್ಲ.

2011: ಜೀನ್ಸ್ ಪ್ಯಾಂಟಿನ ಸೂಪರ್‌ಮ್ಯಾನ್

ಆ ಹೊಸ ಶುರುವಾತಿನಲ್ಲಿ ಗ್ರ್ಯಾಂಟ್ ಮಾರಿಸನ್ 'ಆ್ಯಕ್ಷನ್ ಕಾಮಿಕ್ಸ್' ಬರೆದರು, 18ನೇ ಸಂಚಿಕೆಯವರೆಗೆ. ಟೀಶರ್ಟು, ಜೀನ್ಸು, ಬೂಟು. ಹಾರುವುದಿಲ್ಲ, ನೆಗೆಯುತ್ತಾನೆ. ಲಂಚಕೋರ ಶ್ರೀಮಂತರ ಬೆನ್ನು ಬೀಳುತ್ತಾನೆ. 1938ರ ಹುಡುಗ ವಾಪಸ್ ಬಂದ ಹಾಗಿದೆ. ಮೊದಲ ಸಂಚಿಕೆಗಳು ಬೆಂಕಿ. ಮುಂದೆ ಬೇರೆ ಆಯಾಮದ ಖಳ ಬಂದ ಮೇಲೆ ಕಥೆ ಹಿಂದೆ ಮುಂದೆ ಜಿಗಿಯುತ್ತದೆ, ಎರಡು ಸಲ ಓದಬೇಕಾಗುತ್ತದೆ. 1938ರ ಪುಸ್ತಕ ಓದಿ ಮೆಚ್ಚಿದವರು ಇದನ್ನು ಜೊತೆಗಿಟ್ಟುಕೊಳ್ಳಿ. ಬೇರೆಯವರು ಅವಸರ ಮಾಡಬೇಕಿಲ್ಲ.

ಕಂಟಿನ್ಯೂಟಿಯೇ ಬೇಡ ಅನ್ನುವವರಿಗೆ

ಅದೇ ಮಾರಿಸನ್, ಫ್ರ್ಯಾಂಕ್ ಕ್ವೈಟ್ಲಿ ಜೊತೆ 2005ರಿಂದ 2008ರವರೆಗೆ ಮಾಡಿದ 'ಆಲ್‌ಸ್ಟಾರ್ ಸೂಪರ್‌ಮ್ಯಾನ್' ಇದೆ. ಹನ್ನೆರಡು ಸಂಚಿಕೆ. ಯಾವ ಕಂಟಿನ್ಯೂಟಿಗೂ ಸೇರಿದ್ದಲ್ಲ. ಹುಟ್ಟುಕಥೆಯನ್ನು ಮೊದಲ ಪುಟದಲ್ಲೇ ಮುಗಿಸುತ್ತಾರೆ, ನಾಲ್ಕು ಚಿತ್ರ, ಎಂಟು ಪದ. ಆಮೇಲೆ ಹೇಳುವುದು ಸಾಯುವ ಕಥೆ. ಸೂರ್ಯನ ಹತ್ತಿರ ಹೋದವರನ್ನು ಉಳಿಸಲು ಹೋಗಿ ಅವನ ಮೈಗೆ ತಡೆಯಲಾರದಷ್ಟು ಶಕ್ತಿ ತುಂಬಿಕೊಂಡಿದೆ. ಇರುವ ದಿನ ಕಡಿಮೆ. ಆ ದಿನಗಳಲ್ಲಿ ಏನು ಮಾಡುತ್ತಾನೆ?

ಅರವತ್ತರ ದಶಕದ ನಾಯಿ, ಬಾಟಲಿ ನಗರ, ಎಲ್ಲ ಇಲ್ಲಿ ಮತ್ತೆ ಬರುತ್ತವೆ, ಪ್ರೀತಿಯಿಂದ. ಆ ಹಳೆಯ ಕಥೆಗಳನ್ನು ಓದಿದವರಿಗೆ ಇದು ಎರಡು ಪಟ್ಟು ಕೊಡುತ್ತದೆ. ಓದದವರಿಗೂ ಏನೂ ಕಡಿಮೆಯಾಗುವುದಿಲ್ಲ.

ದುಡ್ಡು ಕಡಿಮೆ ಇದ್ದರೆ

'ಆಲ್‌ಸ್ಟಾರ್' 2024ರಲ್ಲಿ ಸಣ್ಣ ಅಳತೆಯ ಪುಸ್ತಕವಾಗಿ ಬಂತು. ಅಮೆರಿಕದಲ್ಲಿ ಅದರ ಬೆಲೆ 9.99 ಡಾಲರ್. ಹನ್ನೆರಡು ಸಂಚಿಕೆಗೆ ಇದು ಬಹಳ ಕಡಿಮೆ. ಚಿತ್ರ ಚಿಕ್ಕದಾಗುತ್ತದೆ, ನಿಜ. ಕ್ವೈಟ್ಲಿ ಗೆರೆ ತೆಳು, ಆದರೂ ಕಣ್ಣಿಗೆ ಹಿಡಿಯುತ್ತದೆ. ಟಿಮ್ ಸೇಲ್ ಪುಸ್ತಕವನ್ನು ಮಾತ್ರ ಚಿಕ್ಕದಾಗಿ ನೋಡಬೇಡಿ. ಅವರ ಎರಡು ಪುಟ ಅಗಲದ ಚಿತ್ರಗಳಿಗೆ ಜಾಗ ಬೇಕು. ಮೊಬೈಲ್‌ನಲ್ಲಂತೂ ಬೇಡವೇ ಬೇಡ.

ಬರ್ನ್ ಪುಸ್ತಕದ ಹಳೆಯ ಮುದ್ರಣ ತೆಳ್ಳಗಿನದು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಂಥ ಹಳೆ ಪುಸ್ತಕವೂ ಇಡುವ ಅಂಗಡಿಗಳಲ್ಲಿ ಹೊಸ ಪ್ರತಿ ಕೊಳ್ಳುವ ಮೊದಲು ಒಮ್ಮೆ ಹುಡುಕಿ. ಕಿಂಡಲ್‌ನಲ್ಲಿ ಆಗಾಗ ರಿಯಾಯಿತಿ ಇರುತ್ತದೆ, ಟ್ಯಾಬ್ಲೆಟ್ ಇದ್ದವರಿಗೆ ಅದೇ ಅಗ್ಗ. ಹತ್ತಾರು ಸಂಚಿಕೆ ಒಟ್ಟಿಗೆ ಸೇರಿಸಿದ ದಪ್ಪನೆಯ ಆಮ್ನಿಬಸ್‌ಗೆ ಮೊದಲೇ ದುಡ್ಡು ಹಾಕಬೇಡಿ. ಒಂದು ತೆಳು ಪುಸ್ತಕ ಓದಿ, ಮನಸ್ಸು ಹಿಡಿದರೆ ಆಮೇಲೆ ನೋಡಿಕೊಳ್ಳಬಹುದು. ಆ ದಪ್ಪ ಪುಸ್ತಕಗಳನ್ನು ಮಲಗಿಕೊಂಡು ಓದಲಿಕ್ಕೂ ಆಗುವುದಿಲ್ಲ.

ಒಂದೇ ಪುಸ್ತಕಕ್ಕೆ ದುಡ್ಡಿದೆ, ಮುಂದೆ ಓದುವುದೋ ಇಲ್ಲವೋ ಗೊತ್ತಿಲ್ಲ ಅಂದರೆ 'ಆಲ್‌ಸ್ಟಾರ್'. ಎರಡಕ್ಕೆ ಇದೆ ಅಂದರೆ ಬರ್ನ್ ಮತ್ತು 'ಫಾರ್ ಆಲ್ ಸೀಸನ್ಸ್', ಇದೇ ಕ್ರಮದಲ್ಲಿ.

ಇನ್ನೊಂದು ಕಥೆ ಇದೆ, ಹುಟ್ಟುಕಥೆಯಲ್ಲ. 1986ರಲ್ಲಿ ಬರ್ನ್ ಬರುವ ಮೊದಲು ಹಳೆಯ ಸೂಪರ್‌ಮ್ಯಾನ್‌ಗೆ ವಿದಾಯ ಹೇಳಲು ಅಲನ್ ಮೂರ್ ಎರಡೇ ಸಂಚಿಕೆಯ 'ವಾಟೆವರ್ ಹ್ಯಾಪನ್ಡ್ ಟು ದಿ ಮ್ಯಾನ್ ಆಫ್ ಟುಮಾರೋ?' ಬರೆದರು. ಚಿತ್ರ ಕರ್ಟ್ ಸ್ವಾನ್ ಅವರದೇ. ಮೂವತ್ತು ವರ್ಷ ಬರೆದ ಕೈ ಆ ಕಾಲದ ಸೂಪರ್‌ಮ್ಯಾನ್‌ಗೆ ಬರೆದ ಕೊನೆಯ ಕಥೆ. ನಾಯಿ ಕ್ರಿಪ್ಟೋ ಅದರಲ್ಲಿದೆ. ಎಲ್ಲರೂ ಇದನ್ನು ಹೊಗಳುತ್ತಾರೆ ಅಂತ ಮೊದಲೇ ಓದಿಬಿಡಬೇಡಿ. ಅರವತ್ತರ ದಶಕದ ಒಂದು ಸಂಗ್ರಹ ಓದಿ, ಆ ನಾಯಿಯನ್ನು ಸ್ವಲ್ಪ ಪ್ರೀತಿಸಿ. ಆಮೇಲೆ ತೆರೆಯಿರಿ.